ಗಾಲಿಯ ಮೇಲಿನ ಮನೆ ಮತ್ತು ಒಂದು ಪುಟ್ಟ ನಾಯಿ



ಬೆಳಗಿನ ಆರು ಗಂಟೆಗೆ ಪೀಣ್ಯ ಕೈಗಾರಿಕಾ ಪ್ರದೇಶದ ಯಾವುದಾದರೂ ಅಡ್ಡರಸ್ತೆಯಲ್ಲಿ ನೀವು ನಡೆದುಹೋಗಿದ್ದರೆ ಈ ದೃಶ್ಯವನ್ನು ನೋಡಿರುತ್ತೀರಿ. ಕಾರ್ಖಾನೆಯ ಗೇಟು ತೆರೆಯುವುದನ್ನೇ ಕಾಯುತ್ತಾ ಸಾಲಾಗಿ ಲಾರಿಗಳು ನಿಂತಿರುತ್ತವೆ. ಒಂದು ಲಾರಿಯ ನೆರಳಿನಲ್ಲಿ ಸಣ್ಣ ಸ್ಟವ್ ಉರಿಯುತ್ತಿರುತ್ತದೆ. ಕ್ಲೀನರ್ ಹುಡುಗ ಪ್ಲಾಸ್ಟಿಕ್ ಕ್ಯಾನಿನಿಂದ ಎರಡು ಚೊಂಬು ನೀರು ಬಗ್ಗಿಸಿ ಮುಖ ತೊಳೆಯುತ್ತಿರುತ್ತಾನೆ. ಕನ್ನಡಿಗೆ ಕಟ್ಟಿದ ಹಗ್ಗದ ಮೇಲೆ ಟವೆಲ್ ಒಣಗುತ್ತಿರುತ್ತದೆ. ಅನ್ನ ಬೇಯುವ ವಾಸನೆಗೆ ಬೀದಿಯ ನಾಯಿಯೊಂದು ಬಂದು ಗಾಲಿಯ ಪಕ್ಕದಲ್ಲಿ ಕುಳಿತಿರುತ್ತದೆ.

ಇದೇ ರಸ್ತೆಯಲ್ಲಿ ಅಪರೂಪಕ್ಕೊಮ್ಮೆ ಇನ್ನೊಂದು ಬಗೆಯ ವಾಹನವೂ ಕಾಣುತ್ತದೆ. ಹೊರಗಿನಿಂದ ಮಿನಿ ಬಸ್ಸಿನಂತೆ, ಒಳಗೆ ಹಾಸಿಗೆ, ಅಡುಗೆಯ ಕಟ್ಟೆ, ಫ್ರಿಜ್, ಶೌಚದ ಕೋಣೆ. ಛಾವಣಿಯ ಮೇಲೆ ಸೌರಫಲಕ. ಕಿಟಕಿಯಲ್ಲಿ ಪುಟ್ಟ ನಾಯಿಯ ಮುಖ. ಇದನ್ನು ಮೋಟಾರ್‌ಹೋಮ್ ಅಥವಾ ಕ್ಯಾರವಾನ್ ಎನ್ನುತ್ತಾರೆ. 2020ರ ನಂತರ, ಕಚೇರಿಯ ಕೆಲಸವನ್ನು ಎಲ್ಲಿಂದ ಬೇಕಾದರೂ ಮಾಡಬಹುದು ಎಂದಾದಾಗ, ವೈಟ್‌ಫೀಲ್ಡ್, ಎಲೆಕ್ಟ್ರಾನಿಕ್ ಸಿಟಿಯ ಕಡೆಯ ಕೆಲವರಿಗೆ ಇಂಥ ವಾಹನದ ಮೇಲೆ ಮನಸ್ಸು ಹೋಯಿತು. ಕರ್ನಾಟಕ ಸರ್ಕಾರದ 2020–25ರ ಪ್ರವಾಸೋದ್ಯಮ ನೀತಿಯಲ್ಲೂ ಕ್ಯಾರವಾನ್ ಪ್ರವಾಸದ ಪ್ರಸ್ತಾಪವಿತ್ತು.

ನಮ್ಮ ಮಾತುಕತೆಯ ಕಾರ್ಯಕ್ರಮದಲ್ಲಿ ಒಬ್ಬ ವಿದ್ಯಾರ್ಥಿನಿ ಕೇಳಿದ್ದಳು: "ವರ್ಷಪೂರ್ತಿ ಇಂಥ ಗಾಡಿಯಲ್ಲೇ ಇರಬಹುದೇ ಸಾರ್? ಜೊತೆಗೆ ನಮ್ಮ ನಾಯಿಯನ್ನೂ ಕರೆದುಕೊಂಡು?" ಕಾರ್ಯಕ್ರಮದಲ್ಲಿ ಸಿಕ್ಕಿದ ಎರಡು ನಿಮಿಷದಲ್ಲಿ ಸರಿಯಾದ ಉತ್ತರ ಕೊಡಲಾಗಲಿಲ್ಲ. ಇರಬಹುದು. ಆದರೆ ಕಟ್ಟಡದ ಮನೆಯಲ್ಲಿ ನಮಗೆ ಗೊತ್ತಿಲ್ಲದಂತೆ ನಡೆದುಹೋಗುವ ಕೆಲವು ಲೆಕ್ಕಗಳನ್ನು ಅಲ್ಲಿ ನಾವೇ ಕೈಯಾರೆ ಬರೆಯಬೇಕಾಗುತ್ತದೆ. ಆ ಲೆಕ್ಕ ತಪ್ಪಿದರೆ ಮೊದಲು ಕಷ್ಟಕ್ಕೆ ಸಿಕ್ಕುವುದು ಮನೆಯ ಅತ್ಯಂತ ಚಿಕ್ಕ ಸದಸ್ಯ. ಹೇಗೆ ಎಂಬುದನ್ನು ಒಂದೊಂದಾಗಿ ನೋಡೋಣ.

ಇದು ಹೊಸದೇನೂ ಅಲ್ಲ

ಮನೆಯನ್ನೇ ಕಟ್ಟಿಕೊಂಡು ಹೊರಡುವುದು ನಮ್ಮ ನಾಡಿಗೆ ಹೊಸತಲ್ಲ. ಉತ್ತರ ಕರ್ನಾಟಕದ ಕುರಿಗಾಹಿಗಳು ವರ್ಷದ ಹಲವು ತಿಂಗಳು ಮಂದೆಯ ಹಿಂದೆ ಊರೂರು ಅಲೆಯುತ್ತಾರೆ. ಕುದುರೆ ಅಥವಾ ಕತ್ತೆಯ ಬೆನ್ನ ಮೇಲೆ ಪಾತ್ರೆ, ಕಂಬಳಿ, ಎಳೆಯ ಮರಿಗಳು; ಕಾವಲಿಗೆ ನಾಯಿ. ರಾತ್ರಿ ಯಾರದೋ ಹೊಲದಲ್ಲಿ ಬಿಡಾರ. ಮಂದೆ ನಿಂತ ಹೊಲಕ್ಕೆ ಗೊಬ್ಬರ ಸಿಗುತ್ತದೆ, ಅದಕ್ಕೆ ಪ್ರತಿಯಾಗಿ ರೈತ ಕಾಳನ್ನೋ ಹಣವನ್ನೋ ಕೊಡುತ್ತಾನೆ. ಈ ಗೊಬ್ಬರದ ಮಾತನ್ನು ನೆನಪಿನಲ್ಲಿಡಿ, ಮುಂದೆ ಬೇಕಾಗುತ್ತದೆ.

ಮೋಟಾರ್‌ಹೋಮ್ ಎಂದರೆ ಇದೇ ಬಿಡಾರಕ್ಕೆ ಎಂಜಿನ್ನು, ತೊಟ್ಟಿ, ಬ್ಯಾಟರಿ ಸೇರಿಸಿದಂತೆ. ಸಿನಿಮಾ ಚಿತ್ರೀಕರಣದ ಜಾಗದಲ್ಲಿ ನಿಲ್ಲುವ ವ್ಯಾನಿಟಿ ವ್ಯಾನನ್ನು ನೀವು ನೋಡಿರಬಹುದು. ಅದು ಹಗಲಿನ ವಿಶ್ರಾಂತಿಗೆ ಮಾತ್ರ, ವಿದ್ಯುತ್ತಿಗೆ ಪಕ್ಕದಲ್ಲೇ ಜನರೇಟರ್ ಇರುತ್ತದೆ. ವರ್ಷವಿಡೀ ಬಾಳುವ ಗಾಡಿಗೆ ಆ ಸೌಕರ್ಯವಿಲ್ಲ. ಒಂದು ಎಚ್ಚರಿಕೆಯನ್ನೂ ಇಲ್ಲೇ ಹೇಳಿಬಿಡುತ್ತೇನೆ. ಹಳೆಯ ವ್ಯಾನೊಂದನ್ನು ಕೊಂಡು ವರ್ಕ್‌ಶಾಪಿನಲ್ಲಿ ಮನಸ್ಸಿಗೆ ಬಂದಂತೆ ಕತ್ತರಿಸಿ ಮನೆ ಮಾಡಿಕೊಳ್ಳುವಂತಿಲ್ಲ. ನೋಂದಣಿಯಲ್ಲಿ ನಮೂದಾದ ರಚನೆಯನ್ನು ಬದಲಿಸಲು 1988ರ ಮೋಟಾರು ವಾಹನ ಕಾಯಿದೆ ಕಟ್ಟುಪಾಡು ಹಾಕಿದೆ. ಆರ್‌ಟಿಓ ಕಚೇರಿಯಲ್ಲಿ ವಿಚಾರಿಸಿದ ಮೇಲೆಯೇ ಕೆಲಸಕ್ಕೆ ಕೈಹಾಕಬೇಕು.

ನೀರಿನ ಲೆಕ್ಕ

ಸಾಧಾರಣ ಗಾತ್ರದ ಗಾಡಿಯಲ್ಲಿ 100 ಲೀಟರಿನ ತೊಟ್ಟಿ ಇದೆ ಎಂದುಕೊಳ್ಳಿ. ಇಬ್ಬರು ವಯಸ್ಕರು, ಆರು ಕಿಲೋ ತೂಕದ ಒಂದು ನಾಯಿ. ಕುಡಿಯಲು ಮತ್ತು ಅಡುಗೆಗೆ 10 ಲೀಟರ್, ಪಾತ್ರೆಗೆ 6, ಕೈಕಾಲು ಮುಖಕ್ಕೆ 4, ಸ್ನಾನಕ್ಕೆ ತಲಾ 8ರಂತೆ 16, ಶೌಚಕ್ಕೆ 3, ನಾಯಿಯ ಕುಡಿಯುವ ನೀರು ಮತ್ತು ಪಾದ ತೊಳೆಯುವುದಕ್ಕೆ 1. ಒಟ್ಟು 40 ಲೀಟರ್. ಅಂದರೆ ಎರಡೂವರೆ ದಿನಕ್ಕೆ ತೊಟ್ಟಿ ಖಾಲಿ.

ಈಗ ಇದನ್ನು ನಮ್ಮ ಮನೆಗಳಿಗೆ ಹೋಲಿಸಿ. ನಗರಗಳ ನೀರು ಪೂರೈಕೆಯ ಯೋಜನೆ ಹಾಕುವಾಗ ಒಬ್ಬರಿಗೆ ದಿನಕ್ಕೆ 135 ಲೀಟರ್ ಎಂಬ ಅಳತೆಯನ್ನು ಹಿಡಿಯುತ್ತಾರೆ. ಇಬ್ಬರಿಗೆ 270 ಲೀಟರ್. ಆ ವೇಗದಲ್ಲಿ ಬಳಸಿದರೆ ನಮ್ಮ ಗಾಡಿಯ ತೊಟ್ಟಿ ಹತ್ತು ಗಂಟೆಯೂ ಬಾಳುವುದಿಲ್ಲ!

ಬೆಂಗಳೂರಿನ ಹೊರವಲಯದವರಿಗೆ ಈ ಲೆಕ್ಕ ಅಪರಿಚಿತವಲ್ಲ. 2024ರ ಬೇಸಗೆಯಲ್ಲಿ ಕೊಳವೆಬಾವಿಗಳು ಬತ್ತಿದಾಗ ವೈಟ್‌ಫೀಲ್ಡ್ ಕಡೆಯ ದೊಡ್ಡ ದೊಡ್ಡ ವಸತಿ ಸಮುಚ್ಚಯಗಳು ಟ್ಯಾಂಕರಿಗಾಗಿ ಕಾದವು. ಆ ವರ್ಷದ ಅಕ್ಟೋಬರ್‌ನಲ್ಲಿ ಕಾವೇರಿ ಐದನೆಯ ಹಂತ ಉದ್ಘಾಟನೆಯಾಯಿತು. ನಗರಕ್ಕೆ ಸೇರಿದ 110 ಹಳ್ಳಿಗಳಿಗಾಗಿ ದಿನಕ್ಕೆ 77.5 ಕೋಟಿ ಲೀಟರ್ ನೀರು ತರುವ ಯೋಜನೆ ಅದು. ಸುಮಾರು ನೂರು ಕಿಲೋಮೀಟರ್ ದೂರದಿಂದ, ಎತ್ತರಕ್ಕೆ ಪಂಪು ಮಾಡಿ ತಂದ ನೀರನ್ನು ನಾವು ನಲ್ಲಿ ತಿರುಗಿಸಿ ಪಡೆಯುತ್ತೇವೆ. ದೂರವೂ ಎತ್ತರವೂ ನಲ್ಲಿಯ ಹಿಂದೆ ಅಡಗಿರುತ್ತವೆ. ಗಾಡಿಯಲ್ಲಿ ಅವು ಅಡಗುವುದಿಲ್ಲ. ಪೆಟ್ರೋಲ್ ಬಂಕಿನವರನ್ನೋ ಪರಿಚಯದವರನ್ನೋ ಕೇಳಿ, ಕೊಳವೆ ಹಿಡಿದು, ತೊಟ್ಟಿ ತುಂಬುವವರೆಗೂ ನಿಂತಿರಬೇಕು. "ಹಾಸಿಗೆ ಇದ್ದಷ್ಟು ಕಾಲು ಚಾಚು" ಎಂಬ ಗಾದೆಯ ಅರ್ಥ ಅಲ್ಲಿ ದಿನವೂ ತಿಳಿಯುತ್ತದೆ.

ಇನ್ನೊಂದು ಮಾತು. 100 ಲೀಟರ್ ನೀರು ಎಂದರೆ 100 ಕಿಲೋ ತೂಕ. ಅರ್ಧ ತುಂಬಿದ ತೊಟ್ಟಿಯ ನೀರು ಬ್ರೇಕು ಹಾಕಿದಾಗ ಮುಂದಕ್ಕೂ ತಿರುವಿನಲ್ಲಿ ಪಕ್ಕಕ್ಕೂ ನುಗ್ಗುತ್ತದೆ. ನೀರಿನ ಟ್ಯಾಂಕರುಗಳ ಒಳಗೆ ಅಡ್ಡ ತಗಡುಗಳನ್ನು ಕೂರಿಸುವುದು ಈ ಓಲಾಟವನ್ನು ಒಡೆಯಲೆಂದೇ. ಗಾಡಿಯ ತೊಟ್ಟಿಗೂ ಅದೇ ನಿಯಮ.

ಕೊಳೆಯ ಲೆಕ್ಕ

ಒಳಗೆ ಬಂದ ನೀರೆಲ್ಲ ಹೊರಗೆ ಹೋಗಲೇಬೇಕು. ಪಾತ್ರೆ, ಸ್ನಾನದ ನೀರು ಒಂದು ತೊಟ್ಟಿಗೆ ಇಳಿಯುತ್ತದೆ. ಶೌಚದ್ದು ಬೇರೆ, ಅನೇಕ ಗಾಡಿಗಳಲ್ಲಿ ಸುಮಾರು 20 ಲೀಟರಿನ, ಸೂಟ್‌ಕೇಸಿನಂತೆ ಹೊರಗೆಳೆಯುವ ಪೆಟ್ಟಿಗೆಯೊಂದು ಇರುತ್ತದೆ. ಇಬ್ಬರಿಗೆ ಎರಡು ಮೂರು ದಿನದಲ್ಲಿ ತುಂಬುತ್ತದೆ. ಅದನ್ನು ಹೊತ್ತು, ಒಳಚರಂಡಿಗೆ ಸೇರುವ ಶೌಚಾಲಯದಲ್ಲೇ ಬಗ್ಗಿಸಬೇಕು. ಮಳೆನೀರಿನ ಚರಂಡಿಗೆ ಸುರಿಯುವಂತಿಲ್ಲ. ಏಕೆಂದರೆ ಮಳೆನೀರಿನ ಚರಂಡಿ ಹೋಗಿ ಸೇರುವುದು ಕೆರೆಗೆ.

ಇದರ ಪರಿಣಾಮವನ್ನು ತಿಳಿಯಲು ದೂರ ಹೋಗಬೇಕಿಲ್ಲ. ವೈಟ್‌ಫೀಲ್ಡಿಗೆ ಹತ್ತಿರದ ವರ್ತೂರು ಕೆರೆಯ ನೊರೆ ರಸ್ತೆಗೆ ಹಾರಿ ಬರುತ್ತಿದ್ದುದನ್ನು, 2015ರಲ್ಲಿ ಬೆಳ್ಳಂದೂರು ಕೆರೆಯ ನೊರೆಗೆ ಬೆಂಕಿ ಹೊತ್ತಿದ್ದನ್ನು ನೀವು ಚಿತ್ರಗಳಲ್ಲಿ ನೋಡಿರಬಹುದು. ಶುದ್ಧೀಕರಿಸದ ಕೊಳಚೆ ಮತ್ತು ಸಾಬೂನಿನ ಪುಡಿಗಳ ಅಂಶ ಸೇರಿದ ನೀರು ಅಲ್ಲಿ ಸೇರುತ್ತಿತ್ತು. ಯಾವ ಮನೆಯವರೂ "ನಾನು ಕೆರೆಗೆ ಕೊಳೆ ಸುರಿಯುತ್ತೇನೆ" ಎಂದುಕೊಂಡಿರಲಿಲ್ಲ. ಕೊಳವೆ ಕಣ್ಣಿಗೆ ಕಾಣದೆ ಆ ಕೆಲಸ ಮಾಡಿತು.

ಕುರಿಗಾಹಿಯ ಮಾತನ್ನು ಈಗ ನೆನಪಿಸಿಕೊಳ್ಳಿ. ಅವನ ಮಂದೆ ಬಿಟ್ಟುಹೋದದ್ದನ್ನು ರೈತ ಬೆಲೆ ಕೊಟ್ಟು ಪಡೆಯುತ್ತಾನೆ. ನಾವು ಬಿಟ್ಟುಹೋದದ್ದನ್ನು ಯಾರೂ ಬಯಸುವುದಿಲ್ಲ. ನಾಯಿಯ ಮಲವೂ ಹಾಗೆಯೇ. ಅದರಲ್ಲಿ ಜಂತುಹುಳುಗಳ ಮೊಟ್ಟೆಗಳಿರಬಹುದು, ಮಕ್ಕಳು ಆಡುವ ಮಣ್ಣಿಗೆ ಅವು ಸೇರಬಾರದು. ಹಳೆಯ ಪತ್ರಿಕೆಯ ತುಂಡಿನಲ್ಲಿ ಎತ್ತಿ ಸರಿಯಾದ ಜಾಗಕ್ಕೆ ಹಾಕುವುದು ಅಲೆಮಾರಿ ಜೀವನದ ಮೊದಲ ಸಭ್ಯತೆ.

ವಿದ್ಯುತ್ತಿನ ಲೆಕ್ಕ

12 ವೋಲ್ಟಿನ, 200 ಆಂಪಿಯರ್-ಅವರ್ ಬ್ಯಾಟರಿಯಲ್ಲಿ ಎಷ್ಟು ಶಕ್ತಿ ಇರುತ್ತದೆ? ಗುಣಿಸಿ: 2400 ವ್ಯಾಟ್-ಅವರ್, ಅಂದರೆ 2.4 ಯೂನಿಟ್. ಸೀಸ-ಆಮ್ಲದ ಹಳೆಯ ಬಗೆಯ ಬ್ಯಾಟರಿ ಬಹುಕಾಲ ಬಾಳಬೇಕಾದರೆ ಅದರಲ್ಲಿ ಅರ್ಧವನ್ನು ಮಾತ್ರ ಬಳಸಬೇಕು. ಈಗಿನ ಲಿಥಿಯಂ ಬ್ಯಾಟರಿಯಲ್ಲಿ ಹೆಚ್ಚು ಪಾಲನ್ನು ಬಳಸಬಹುದು.

ಖರ್ಚು ನೋಡಿ. ಸಣ್ಣ ಫ್ರಿಜ್ 45 ವ್ಯಾಟ್, ದಿನದಲ್ಲಿ ಅರ್ಧ ಹೊತ್ತು ಓಡಿದರೆ 540 ವ್ಯಾಟ್-ಅವರ್. 25 ವ್ಯಾಟಿನ ಫ್ಯಾನು 12 ಗಂಟೆಗೆ 300. ಎರಡು ಲ್ಯಾಪ್‌ಟಾಪ್ ಆರು ಗಂಟೆಗೆ 600. ದೀಪ, ಫೋನು, ನೀರಿನ ಪಂಪು ಸೇರಿ 160. ಒಟ್ಟು 1600, ಅಂದರೆ 1.6 ಯೂನಿಟ್. ಛಾವಣಿಯ 400 ವ್ಯಾಟ್ ಸೌರಫಲಕ ಒಳ್ಳೆಯ ಬಿಸಿಲಿನ ದಿನ ನಾಲ್ಕು ಗಂಟೆಯ ಪೂರ್ಣ ಉತ್ಪಾದನೆಗೆ ಸಮನಾಗಿ ಕೊಟ್ಟರೆ ಅದೂ 1.6 ಯೂನಿಟ್. ಆದಾಯ ಖರ್ಚಿಗೆ ಸರಿಹೋಯಿತು. ಹವಾನಿಯಂತ್ರಕ ಇದ್ದರೆ? ಒಂದು ಕಿಲೋವ್ಯಾಟ್ ಯಂತ್ರ ರಾತ್ರಿ ಎಂಟು ಗಂಟೆ ಓಡಿದರೆ 8 ಯೂನಿಟ್. ಐದು ದಿನದ ಬಿಸಿಲು ಒಂದು ರಾತ್ರಿಗೆ ಮುಗಿಯಿತು.

ಇಲ್ಲೊಂದು ಇಕ್ಕಟ್ಟು ಇದೆ. ಫಲಕ ಚೆನ್ನಾಗಿ ದುಡಿಯಬೇಕಾದರೆ ಗಾಡಿ ಬಿಸಿಲಿನಲ್ಲಿ ನಿಲ್ಲಬೇಕು. ಒಳಗಿರುವ ಜೀವ ತಂಪಾಗಿರಬೇಕಾದರೆ ಗಾಡಿ ನೆರಳಿನಲ್ಲಿ ನಿಲ್ಲಬೇಕು. ಫಲಕದ ಕೋಶಗಳು ಸಾಲಾಗಿ ಜೋಡಣೆಯಾಗಿರುವುದರಿಂದ ಒಂದು ಕೊಂಬೆಯ ನೆರಳು ಬಿದ್ದರೂ ಉತ್ಪಾದನೆ ಸಾಕಷ್ಟು ಇಳಿಯುತ್ತದೆ. ಅನುಭವಸ್ಥರು ಗಾಡಿಯನ್ನು ನೆರಳಿನಲ್ಲಿ ನಿಲ್ಲಿಸಿ, ಉದ್ದ ತಂತಿಯ ಬಿಡಿ ಫಲಕವೊಂದನ್ನು ಬಿಸಿಲಿಗೆ ಒಯ್ದು ಇಡುತ್ತಾರೆ. ಎರಡರಲ್ಲಿ ಒಂದನ್ನೇ ಆರಿಸಿಕೊಳ್ಳಬೇಕಾಗಿ ಬಂದರೆ ನೆರಳನ್ನೇ ಆರಿಸಿಕೊಳ್ಳಬೇಕು. ಯಾಕೆ ಎನ್ನುವುದನ್ನು ಮುಂದೆ ಹೇಳುತ್ತೇನೆ.

ಬಿಸಿಯ ಲೆಕ್ಕ

ಇದನ್ನು ನನ್ನ ತಪ್ಪಿನಿಂದಲೇ ಆರಂಭಿಸಬೇಕು. ಹಲವು ವರ್ಷಗಳ ಹಿಂದೆ, ಒಂದು ಮಾರ್ಚ್ ತಿಂಗಳಲ್ಲಿ, ಎಲೆಕ್ಟ್ರಾನಿಕ್ ಸಿಟಿಯಲ್ಲಿ ಯಾರನ್ನೋ ಭೇಟಿಯಾಗಲು ಹೋಗಿದ್ದೆ. ಕಾರಿನಲ್ಲಿ ನಮ್ಮ ಮನೆಯ ನಾಯಿ ಪುಟ್ಟಿ ಇತ್ತು. ಗೇಟಿನವರು ನಾಯಿಯನ್ನು ಒಳಗೆ ಬಿಡುವುದಿಲ್ಲ ಎಂದರು. "ಐದು ನಿಮಿಷ ತಾನೆ" ಎಂದು ಕಿಟಕಿಯನ್ನು ಎರಡು ಬೆರಳಿನಷ್ಟು ಇಳಿಸಿ ಹೋದೆ. ಐದು ನಿಮಿಷ ಇಪ್ಪತ್ತಾಯಿತು. ಬಂದು ಬಾಗಿಲು ತೆರೆದಾಗ ಪುಟ್ಟಿ ಸೀಟಿನ ಕೆಳಗೆ ಬಿದ್ದಿತ್ತು. ಬಾಯಿಂದ ಅಂಟಂಟಾದ ಜೊಲ್ಲು ಸುರಿಯುತ್ತಿತ್ತು, ಹೆಸರು ಹಿಡಿದು ಕರೆದರೆ ತಲೆ ಎತ್ತಲಿಲ್ಲ. ಕಾವಲಿನವರೊಬ್ಬರು ಓಡಿಬಂದು ಬಕೆಟ್ಟಿನ ನೀರನ್ನು ಅದರ ಮೈಮೇಲೆ ಹುಯ್ದರು. ನಾನು ರಟ್ಟಿನಿಂದ ಗಾಳಿ ಬೀಸಿದೆ. ನಂತರ ಪಶುವೈದ್ಯರಲ್ಲಿಗೆ ಓಡಿದೆವು. ಪುಟ್ಟಿ ಉಳಿಯಿತು. ವಿಜ್ಞಾನ ಪದವೀಧರ ಎಂದು ಹೇಳಿಕೊಳ್ಳುತ್ತಿದ್ದ ನಾನು ಅಂದು ಬಹಳ ನಾಚಿಕೊಂಡೆ.

ಆಮೇಲೆ ಒಂದು ದಿನ ಚಿತ್ರೀಕರಣದ ಬಿಡುವಿನಲ್ಲಿ, ನಮ್ಮ ತಂಡದ ಖಾಲಿ ವ್ಯಾನಿನಲ್ಲಿ ಉಷ್ಣತಾಮಾಪಕ ಇಟ್ಟು ಬಾಗಿಲು ಮುಚ್ಚಿದೆ. ಹೊರಗೆ 31 ಡಿಗ್ರಿ ಸೆಲ್ಸಿಯಸ್. ಹತ್ತು ನಿಮಿಷದಲ್ಲಿ ಒಳಗೆ 39. ಅರ್ಧ ಗಂಟೆಯಲ್ಲಿ 46. ಮರುದಿನ ಕಿಟಕಿಯನ್ನು ಸ್ವಲ್ಪ ಇಳಿಸಿ ನೋಡಿದೆ. ಹೆಚ್ಚಿನ ವ್ಯತ್ಯಾಸವೇನೂ ಆಗಲಿಲ್ಲ. ಬೇರೆ ದೇಶಗಳಲ್ಲಿ ನಡೆದ ಪ್ರಯೋಗಗಳೂ ಇದನ್ನೇ ಹೇಳುತ್ತವೆ: ಮುಚ್ಚಿದ ವಾಹನದ ಏರಿಕೆಯ ಬಹುಪಾಲು ಮೊದಲ ಅರ್ಧ ಗಂಟೆಯಲ್ಲೇ ಆಗಿಬಿಡುತ್ತದೆ.

ಕಾರಣ ನಿಮಗೆ ತಿಳಿದದ್ದೇ. ಸೂರ್ಯನ ಬೆಳಕು ಗಾಜನ್ನು ಹಾದು ಒಳಬಂದು ಸೀಟು, ಡ್ಯಾಶ್‌ಬೋರ್ಡುಗಳನ್ನು ಕಾಯಿಸುತ್ತದೆ. ಅವು ಹೊರಸೂಸುವ ದೀರ್ಘ ತರಂಗಾಂತರದ ಅವಗೆಂಪು ವಿಕಿರಣ ಗಾಜನ್ನು ಸುಲಭವಾಗಿ ದಾಟಲಾರದು. ಬಿಸಿಯಾದ ಗಾಳಿಯೂ ಹೊರಗೆ ಹೋಗಲಾರದು.

ಮನುಷ್ಯನಾದರೆ ಮೈಯೆಲ್ಲ ಬೆವರಿ ತಂಪಾಗುತ್ತಾನೆ. ನಾಯಿಗೆ ಅಂಥ ಬೆವರಿನ ಗ್ರಂಥಿಗಳು ಪಾದದ ಅಡಿಯಲ್ಲಿ ಬಿಟ್ಟರೆ ಇಲ್ಲವೆನ್ನಬಹುದು. ಅದು ನಾಲಿಗೆ ಚಾಚಿ ಏದುಸಿರು ಬಿಟ್ಟು, ಬಾಯಿ ಮತ್ತು ಉಸಿರಿನ ದಾರಿಯ ತೇವವನ್ನು ಆವಿ ಮಾಡಿ ತಂಪಾಗುತ್ತದೆ. ಒಂದು ಗ್ರಾಂ ನೀರು ಆವಿಯಾಗುವಾಗ ಸುಮಾರು 580 ಕ್ಯಾಲೊರಿ ಶಾಖವನ್ನು ಒಯ್ಯುತ್ತದೆ. ಇದನ್ನೇ ನೀವು ಗುಪ್ತೋಷ್ಣ ಎಂದು ಓದಿದ್ದೀರಿ. ಆದರೆ ಮುಚ್ಚಿದ ಗಾಡಿಯಲ್ಲಿ ನಾಯಿಯ ಉಸಿರಿನಿಂದಲೇ ಗಾಳಿಯ ತೇವ ಏರುತ್ತದೆ, ಆವಿಯಾಗುವುದು ನಿಧಾನವಾಗುತ್ತದೆ. ಸಣ್ಣ ಪ್ರಾಣಿಯ ತೂಕಕ್ಕೆ ಹೋಲಿಸಿದರೆ ಮೈಯ ಹೊರಮೈ ಹೆಚ್ಚು. ಸುತ್ತಲ ಗಾಳಿ ಮೈಗಿಂತ ಬಿಸಿಯಾದಾಗ ಅದು ಬೇಗ ಕಾಯುತ್ತದೆ. ನಾಯಿಯ ಸಹಜ ಉಷ್ಣತೆ 38ರಿಂದ 39 ಡಿಗ್ರಿಯ ಆಸುಪಾಸು. 41 ದಾಟಿದರೆ ಪ್ರಾಣಕ್ಕೇ ಅಪಾಯ. ಪಗ್ ಜಾತಿಯಂಥ ಮೊಂಡು ಮೂಗಿನ ನಾಯಿಗಳಿಗೆ ಉಸಿರಿನ ದಾರಿಯೇ ಕಿರಿದು, ಅವುಗಳ ಕಷ್ಟ ಇನ್ನೂ ಹೆಚ್ಚು.

ಆದ್ದರಿಂದ ಗಾಡಿಯ ಮನೆಯ ಮೊದಲ ನಿಯಮ: ನಾಯಿಯನ್ನು ಒಳಗೆ ಬಿಟ್ಟು ಇಬ್ಬರೂ ಇಳಿಯುವಂತಿಲ್ಲ. "ಫ್ಯಾನು ಹಾಕಿದ್ದೇನೆ" ಎಂಬ ಸಮಾಧಾನವೂ ಸಲ್ಲದು. ಬ್ಯಾಟರಿ ಮುಗಿದರೆ ಫ್ಯಾನು ನಿಲ್ಲುತ್ತದೆ, ಮೇಲಾಗಿ ಫ್ಯಾನು 46 ಡಿಗ್ರಿಯ ಗಾಳಿಯನ್ನೇ ಬೀಸುತ್ತದೆ. ಅಕಸ್ಮಾತ್ ನಾಯಿಗೆ ಬಿಸಿಲ ಹೊಡೆತ ತಗುಲಿದರೆ ನೆರಳಿಗೆ ತನ್ನಿ, ಸಾಧಾರಣ ನಲ್ಲಿಯ ನೀರಿನಿಂದ ಮೈ ತೋಯಿಸಿ, ಗಾಳಿ ಬೀಸಿ. ತಂಪು ಮಾಡುವ ಕೆಲಸ ಮೊದಲು, ಪಶುವೈದ್ಯರಲ್ಲಿಗೆ ಪ್ರಯಾಣ ಅದರ ಬೆನ್ನಿಗೇ.

ಗಾಳಿಯ ಲೆಕ್ಕ

ಗಾಡಿಯ ಅಡುಗೆಗೆ ಸಾಮಾನ್ಯವಾಗಿ ಎಲ್‌ಪಿಜಿ. ಅದರಲ್ಲಿರುವ ಪ್ರೊಪೇನ್ ಗಾಳಿಗಿಂತ ಸುಮಾರು ಒಂದೂವರೆ ಪಟ್ಟು, ಬ್ಯೂಟೇನ್ ಎರಡು ಪಟ್ಟು ಭಾರ. ಸೋರಿದ ಅನಿಲ ನೀರಿನಂತೆ ನೆಲಕ್ಕಿಳಿದು ಅಲ್ಲಿ ತುಂಬುತ್ತದೆ. ಕಿಟಕಿ ತೆರೆದಿದ್ದರೂ ನೆಲಮಟ್ಟದಲ್ಲಿ ದಾರಿ ಇಲ್ಲದಿದ್ದರೆ ಅದು ಹೊರಹೋಗುವುದಿಲ್ಲ. ಆದುದರಿಂದ ಸಿಲಿಂಡರ್ ಇಡುವ ಪೆಟ್ಟಿಗೆಯನ್ನು ಒಳಭಾಗದಿಂದ ಪೂರ್ತಿ ಬೇರ್ಪಡಿಸಿ, ಅದರ ತಳದಲ್ಲಿ ಹೊರಕ್ಕೆ ತೂತು ಬಿಡುತ್ತಾರೆ. ಸೋರಿಕೆ ಗೊತ್ತಾಗಲೆಂದು ಅನಿಲಕ್ಕೆ ಕಟುವಾಸನೆಯ ಮರ್ಕ್ಯಾಪ್ಟನ್ ಸೇರಿಸಿರುತ್ತಾರೆ. ನಾಯಿ ಮಲಗುವುದು ನೆಲದ ಮೇಲೆ ಎಂಬುದನ್ನು ಮರೆಯಬೇಡಿ. ನಮ್ಮ ಮೂಗಿಗೆ ವಾಸನೆ ಬರುವ ಹೊತ್ತಿಗೆ ಅದು ಆ ಅನಿಲದಲ್ಲೇ ಮಲಗಿರಬಹುದು.

ವಾಸನೆಯೇ ಇಲ್ಲದ ಇನ್ನೊಂದು ಶತ್ರು ಕಾರ್ಬನ್ ಮಾನಾಕ್ಸೈಡ್. ಚಳಿಗೆಂದು ಇದ್ದಿಲ ಒಲೆಯನ್ನು ಮುಚ್ಚಿದ ಗಾಡಿಯಲ್ಲಿ ಇಡುವುದು, ಎಂಜಿನ್ನು ಓಡುತ್ತಿರುವಾಗಲೇ ಕಿಟಕಿ ಮುಚ್ಚಿ ನಿದ್ದೆ ಹೋಗುವುದು ಸಾವಿಗೆ ಕರೆ ಕೊಟ್ಟಂತೆ. ಅನಿಲ ಮತ್ತು ಕಾರ್ಬನ್ ಮಾನಾಕ್ಸೈಡನ್ನು ಪತ್ತೆಹಚ್ಚಿ ಕೂಗುವ ಸಣ್ಣ ಯಂತ್ರಗಳು ಸಿಗುತ್ತವೆ. ಅಲಂಕಾರದ ಪರದೆಗಿಂತ ಮೊದಲು ಇವನ್ನು ಕೊಳ್ಳಬೇಕು.

ಚಲನೆಯ ಲೆಕ್ಕ

ನಾಯಿಯನ್ನು ತೊಡೆಯ ಮೇಲೆ ಕೂರಿಸಿಕೊಂಡು ಹೋಗುವುದು ನೋಡಲು ಚೆಂದ. ಸ್ವಲ್ಪ ಲೆಕ್ಕ ಮಾಡಿ. ಗಂಟೆಗೆ 50 ಕಿಲೋಮೀಟರ್ ಎಂದರೆ ಸೆಕೆಂಡಿಗೆ ಸುಮಾರು 13.9 ಮೀಟರ್. ಈ ವೇಗದಲ್ಲಿ ಗಾಡಿ ಥಟ್ಟನೆ ನಿಂತರೆ ನಾಯಿ ಜಡತ್ವದಿಂದ ಅದೇ ವೇಗದಲ್ಲಿ ಮುಂದೆ ಹೋಗುತ್ತದೆ. ಅದರ ಪೆಟ್ಟು, ಸುಮಾರು 10 ಮೀಟರ್ ಎತ್ತರದಿಂದ ಬಿದ್ದ ಪೆಟ್ಟಿಗೆ ಸಮ. ಅರ್ಧ ಮೀಟರಿನೊಳಗೆ ಅದನ್ನು ತಡೆಯಬೇಕಾದರೆ ಅದರ ತೂಕದ ಇಪ್ಪತ್ತು ಪಟ್ಟು, ಅಂದರೆ 120 ಕಿಲೋದಷ್ಟು ಬಲ ಬೇಕು. ಯಾವ ಕೈಯೂ ಅಷ್ಟನ್ನು ಹಿಡಿಯಲಾರದು. ಓಡುವ ಗಾಡಿಯಲ್ಲಿ ನಾಯಿ ನೆಲಕ್ಕೆ ಬಿಗಿದ ಗೂಡಿನಲ್ಲಿರಬೇಕು, ಇಲ್ಲವೇ ಎದೆಪಟ್ಟಿ ಹಾಕಿ ಸೀಟಿನ ಬೆಲ್ಟಿಗೆ ಸೇರಿಸಿರಬೇಕು. ಕುಕ್ಕರು, ಬಾಣಲೆಗಳಿಗೂ ಇದೇ ಮಾತು. ಹೊರಡುವ ಮುನ್ನ ಪ್ರತಿಯೊಂದು ಕಪಾಟಿನ ಚಿಲಕವನ್ನು ಮುಟ್ಟಿ ನೋಡುವುದು ದಿನಚರಿಯಾಗಬೇಕು.

ಊರು ಬದಲಾದಂತೆ

ಪ್ರತಿ ಹೊಸ ಬೀದಿಗೂ ಅಲ್ಲಿನ ನಾಯಿಗಳೇ ಒಡೆಯರು. ಹೊಸದಾಗಿ ಬಂದ ಪುಟ್ಟ ನಾಯಿಯನ್ನು ಅವು ಅತಿಥಿ ಎಂದು ನೋಡುವುದಿಲ್ಲ. ಆದ್ದರಿಂದ ಹಗ್ಗವಿಲ್ಲದೆ ಇಳಿಸಬಾರದು. ಹುಚ್ಚುನಾಯಿ ರೋಗದ ಲಸಿಕೆಯನ್ನು ಮರಿಗೆ ಮೂರು ತಿಂಗಳಾದಾಗ ಹಾಕಿಸಿ, ನಂತರ ಪಶುವೈದ್ಯರು ಹೇಳಿದಂತೆ ವರ್ಷ ವರ್ಷ ಮುಂದುವರಿಸಿ ಚೀಟಿಯನ್ನು ಗಾಡಿಯಲ್ಲೇ ಇಡಬೇಕು. ನಿಮಗೇ ನಾಯಿ ಕಚ್ಚಿದರೆ ಗಾಯವನ್ನು ಹರಿಯುವ ನೀರು ಮತ್ತು ಸಾಬೂನಿನಿಂದ 15 ನಿಮಿಷ ತೊಳೆದು ತಡಮಾಡದೆ ಆಸ್ಪತ್ರೆಗೆ ಹೋಗಬೇಕು. ರೋಗದ ಲಕ್ಷಣ ಕಾಣಿಸಿಕೊಂಡ ಮೇಲೆ ಉಳಿಸುವುದು ಅಸಾಧ್ಯವೆನ್ನುವಷ್ಟು ಕಷ್ಟ.

ಬೆಂಗಳೂರಿನಿಂದ ತುಮಕೂರು ರಸ್ತೆ ಹಿಡಿದು ಮಲೆನಾಡಿಗೆ ಹೊರಟರೆ ಇನ್ನೊಂದು ಎಚ್ಚರ ಬೇಕು. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ ಗುರುತಿಸಲಾದ ಮಂಗನ ಕಾಯಿಲೆ ಹರಡುವುದು ಉಣುಗುಗಳಿಂದ. ಚಳಿಗಾಲದಿಂದ ಬೇಸಗೆಯವರೆಗೆ ಅದರ ಹಾವಳಿ ಹೆಚ್ಚು. ಒಣಗಿದ ತರಗೆಲೆಗಳ ನಡುವೆ ಓಡಾಡಿ ಬಂದ ನಾಯಿ ಉಣುಗುಗಳನ್ನು ಹೊತ್ತು ನೇರ ನಿಮ್ಮ ಹಾಸಿಗೆಗೇ ತರಬಲ್ಲದು. ಕಟ್ಟಡದ ಮನೆಯಲ್ಲಿ ನಾಯಿಗೂ ಹಾಸಿಗೆಗೂ ನಡುವೆ ಅಂಗಳ, ಪಡಸಾಲೆ ಇರುತ್ತವೆ. ಗಾಡಿಯಲ್ಲಿ ಇರುವುದು ಎರಡು ಹೆಜ್ಜೆ. ಆ ಕಾಲದಲ್ಲಿ ನಾಯಿಯನ್ನು ಕಾಡಿಗೆ ಬಿಡದಿರುವುದೇ ಲೇಸು. ದಿನವೂ ಕಿವಿಯ ಒಳಗೆ, ಬೆರಳ ಸಂದಿಯಲ್ಲಿ ಹುಡುಕಿ. ಸಿಕ್ಕ ಉಣುಗನ್ನು ಬರಿಗೈಯಲ್ಲಿ ಹೊಸಕಬೇಡಿ.

ಬಂಡೀಪುರ, ನಾಗರಹೊಳೆಯಂಥ ಸಂರಕ್ಷಿತ ಅರಣ್ಯಗಳ ಸಫಾರಿಗೆ ಸಾಕುನಾಯಿಯನ್ನು ಕರೆದೊಯ್ಯುವಂತಿಲ್ಲ. ನಾಯಿಯ ರೋಗಗಳು ಕಾಡುಪ್ರಾಣಿಗಳಿಗೂ ಹರಡಬಲ್ಲವು. ಬಂಡೀಪುರದ ಹೆದ್ದಾರಿಯಲ್ಲಿ 2009ರಿಂದ ರಾತ್ರಿ 9ರಿಂದ ಬೆಳಗಿನ 6ರವರೆಗೆ ಸಾಮಾನ್ಯ ವಾಹನಗಳ ಸಂಚಾರಕ್ಕೆ ನಿಷೇಧವಿದೆ. "ಎಲ್ಲಿ ಬೇಕಾದರೂ, ಯಾವಾಗ ಬೇಕಾದರೂ" ಎಂಬ ಮಾತು ಗಾಡಿಯ ಮನೆಗೂ ಪೂರ್ತಿ ಅನ್ವಯಿಸುವುದಿಲ್ಲ.

ಮತ್ತೆ ಪೀಣ್ಯಕ್ಕೆ

ಈಗ ನಾವು ಆರಂಭಿಸಿದ ಲಾರಿಯ ಬಳಿಗೆ ಹಿಂದಿರುಗೋಣ. ನೀರು, ಕೊಳೆ, ಬಿಸಿ, ಗಾಳಿ ಎಂದು ನಾವು ಹಾಕಿದ ಲೆಕ್ಕವನ್ನೆಲ್ಲ ಆ ಚಾಲಕ ಮತ್ತು ಕ್ಲೀನರ್ ಯಾವ ಸಲಕರಣೆಯೂ ಇಲ್ಲದೆ ದಿನವೂ ಹಾಕುತ್ತಾರೆ. ಮೋಟಾರ್‌ಹೋಮಿನವರು ಇಷ್ಟಪಟ್ಟು ಹೊರಟವರು, ಸಾಕೆನಿಸಿದರೆ ಮನೆಗೆ ಹಿಂದಿರುಗಬಲ್ಲರು. ಲಾರಿಯವರಿಗೆ ಅದು ಹೊಟ್ಟೆಪಾಡು. ವೈಟ್‌ಫೀಲ್ಡಿನ ಕಂಟೇನರ್ ಡಿಪೋದ ಹೊರಗೆ, ಬೊಮ್ಮಸಂದ್ರದ ಕಾರ್ಖಾನೆಗಳ ಮುಂದೆ ಮಧ್ಯಾಹ್ನದ ಬಿಸಿಲಿನಲ್ಲಿ ಲಾರಿ ನಿಂತಾಗ ಕ್ಯಾಬಿನ್ ಕೂಡ ನನ್ನ ವ್ಯಾನಿನಂತೆಯೇ ಕಾಯುತ್ತದೆ. ಕೆಳಗೆ ಎಂಜಿನ್ನಿನ ಬಿಸಿ ಬೇರೆ. ಅವರು ಇಳಿದು ಲಾರಿಯ ಕೆಳಗೆ ಚಾಪೆ ಹಾಸುವುದು ಸೋಮಾರಿತನದಿಂದಲ್ಲ, ಉಷ್ಣಶಾಸ್ತ್ರದಿಂದ.

1961ರ ಮೋಟಾರು ಸಾರಿಗೆ ಕಾರ್ಮಿಕರ ಕಾಯಿದೆ ಸಾಮಾನ್ಯವಾಗಿ ದಿನಕ್ಕೆ 8 ಗಂಟೆ, ವಾರಕ್ಕೆ 48 ಗಂಟೆ ಕೆಲಸ ಎಂದು ಹೇಳಿತು. ಮಧ್ಯಮ ಮತ್ತು ಭಾರೀ ಸರಕು ವಾಹನಗಳ ಚಾಲಕರ ಕ್ಯಾಬಿನ್ನಿಗೆ ಹವಾನಿಯಂತ್ರಣ ಇರಲೇಬೇಕು ಎಂಬ ನಿಯಮ 2025ರ ಅಕ್ಟೋಬರ್ 1ರ ನಂತರ ತಯಾರಾದ ವಾಹನಗಳಿಗೆ ಅನ್ವಯಿಸುತ್ತದೆ. ಹಳೆಯ ಲಾರಿಗಳು ಇನ್ನೂ ಬಹಳ ವರ್ಷ ಓಡುತ್ತವೆ. ಹೊಸದರಲ್ಲೂ ಎಂಜಿನ್ನು ನಿಲ್ಲಿಸಿದರೆ ಸಾಮಾನ್ಯವಾಗಿ ತಂಪೂ ನಿಲ್ಲುತ್ತದೆ. ಹೀಗಾಗಿ ಕಾಯುವ ಜಾಗದಲ್ಲಿ ನೆರಳು, ನೀರು, ಶೌಚಾಲಯ ಇವೆಯೇ ಎಂಬ ಪ್ರಶ್ನೆ ಹಾಗೆಯೇ ಉಳಿಯುತ್ತದೆ. ಅಂಥ ತಂಗುದಾಣ ಒಂದಿದ್ದರೆ ಲಾರಿಯವರಿಗೂ ಆಗುತ್ತದೆ, ಮೋಟಾರ್‌ಹೋಮಿನವರಿಗೂ ಆಗುತ್ತದೆ.

ಆ ವಿದ್ಯಾರ್ಥಿನಿಗೆ ನನ್ನ ಉತ್ತರ ಇಷ್ಟು. ಹೋಗಬಹುದಮ್ಮ, ನಾಯಿಯನ್ನೂ ಕರೆದುಕೊಂಡು ಹೋಗಬಹುದು. ಆದರೆ ಅದಕ್ಕೆ ತೊಟ್ಟಿಯ ಮುಳ್ಳು, ಬ್ಯಾಟರಿಯ ಅಂಕಿ, ಉಷ್ಣತಾಮಾಪಕದ ಪಾದರಸ ಓದಲು ಬರುವುದಿಲ್ಲ. ಬಾಗಿಲು ತೆರೆಯಲೂ ಬರುವುದಿಲ್ಲ. ಅದರ ಪರವಾಗಿ ಅವನ್ನೆಲ್ಲ ಓದುತ್ತೇನೆ, ಪ್ರತಿದಿನ ಓದುತ್ತೇನೆ ಎನ್ನುವ ಧೈರ್ಯವಿದ್ದರೆ ಹೊರಡು.

ನೀವೇ ಮಾಡಿ ನೋಡಿ

1. ಬರುವ ಭಾನುವಾರ ನಿಮ್ಮ ಮನೆಯಲ್ಲಿ ಎಷ್ಟು ಬಕೆಟ್ಟು ನೀರು ಖರ್ಚಾಯಿತು ಎಂದು ಬರೆದಿಡಿ. ಮನೆಯವರ ಸಂಖ್ಯೆಯಿಂದ ಭಾಗಿಸಿ. 100 ಲೀಟರಿನ ತೊಟ್ಟಿ ನಿಮ್ಮ ಮನೆಗೆ ಎಷ್ಟು ಗಂಟೆ ಸಾಕಾಗುತ್ತಿತ್ತು?

2. ಒಂದೇ ಅಳತೆಯ ಎರಡು ಗಾಜಿನ ಭರಣಿಗಳಲ್ಲಿ ಒಂದೊಂದು ಉಷ್ಣತಾಮಾಪಕ ಇಟ್ಟು ಬಿಸಿಲಿನಲ್ಲಿಡಿ. ಒಂದಕ್ಕೆ ಮುಚ್ಚಳ ಹಾಕಿ, ಇನ್ನೊಂದನ್ನು ತೆರೆದಿಡಿ. ಐದೈದು ನಿಮಿಷಕ್ಕೊಮ್ಮೆ ಅರ್ಧ ಗಂಟೆಯವರೆಗೆ ಓದಿ ನಕ್ಷೆ ಬರೆಯಿರಿ. ಮಾಪಕ 50 ಡಿಗ್ರಿ ಮುಟ್ಟಿದರೆ ನೆರಳಿಗೆ ತನ್ನಿ. ಯಾವ ಪ್ರಾಣಿಯನ್ನೂ, ಕೀಟವನ್ನೂ ಒಳಗೆ ಇಡಬಾರದು.

3. ನಿಮ್ಮ ಊರಿನ ಹೆದ್ದಾರಿಯ ಬಳಿ ಲಾರಿಗಳು ಎಲ್ಲಿ ನಿಲ್ಲುತ್ತವೆ? ಅಲ್ಲಿ ಕುಡಿಯುವ ನೀರು, ಶೌಚಾಲಯ, ಮರದ ನೆರಳು ಇವೆಯೇ? ಹಿರಿಯರೊಬ್ಬರ ಜೊತೆ ಹೋಗಿ ನೋಡಿ. ಒಬ್ಬ ಚಾಲಕರನ್ನಾದರೂ "ಅಣ್ಣಾ, ಮಧ್ಯಾಹ್ನ ಎಲ್ಲಿ ಮಲಗುತ್ತೀರಿ?" ಎಂದು ಕೇಳಿ.

ನಿಮ್ಮ ಅಂಕಿಗಳನ್ನೂ ಅವರ ಉತ್ತರವನ್ನೂ ನಮಗೆ ಬರೆದು ಕಳುಹಿಸಿ. ಮುಂದಿನ ಮಾತುಕತೆಯನ್ನು ಅಲ್ಲಿಂದಲೇ ಆರಂಭಿಸೋಣ.